ಸಿಡ್ನಿಯ ಹಳೇ ಮನೆಗೆ ಸುಣ್ಣದ ಗಾರೆ ಮಾಡಿಸಿದ್ದು

ಮನೆ ತಗೊಂಡ್ವಿ ಅಂತ ಮೈಸೂರಿಗೆ ಫೋನ್ ಮಾಡಿ ಹೇಳಿದಾಗ ಅಮ್ಮ ಮೊದಲು ಕೇಳಿದ್ದೇ "ಟೆರೇಸ್ ಮನೆ ಅಂದ್ಯಲ್ಲ ಪುಟ್ಟಿ, ಮೇಲೆ ಹಪ್ಪಳ ಒಣಗಿಸೋಕೆ ಜಾಗ ಇದ್ಯಾ?" ಅಂತ. ಇಲ್ಲಿ ಟೆರೇಸ್ ಹೌಸ್ ಅಂದ್ರೆ ತಾರಸಿ ಮನೆ ಅಲ್ಲ, ಸಾಲು ಮನೆ ಅಂತ ಅವ್ರಿಗೆ ಅರ್ಥ ಮಾಡಿಸೋಕೆ ಹತ್ತು ನಿಮಿಷ ಬೇಕಾಯ್ತು. ನಮ್ಮ ಅಗ್ರಹಾರದಲ್ಲಿ ಅಜ್ಜಿ ಮನೆ ಇತ್ತಲ್ಲ, ಈ ಕಡೆ ಗೋಡೆ ಅವರದ್ದೂ ಹೌದು ನಮ್ಮದೂ ಹೌದು, ಹಂಗೆ ಅಂದ ಮೇಲೆ "ಓ, ಹಂಗಾ, ಹಾಗಾದ್ರೆ ಪಕ್ಕದವ್ರ ಜೊತೆ ಚೆನ್ನಾಗಿರು" ಅಂದ್ರು. ಆ ಮಾತು ಎಷ್ಟು ಮುಖ್ಯ ಅಂತ ನನಗೆ ಗೊತ್ತಾಗೋಕೆ ಎರಡು ವರ್ಷ ಹಿಡೀತು.

ಮನೆ ಇರೋದು ನ್ಯೂಟೌನ್‌ನಲ್ಲಿ. 1880ರ ದಶಕದಲ್ಲಿ ಸಿಡ್ನಿ ಜೋರಾಗಿ ಬೆಳೀತಿದ್ದಾಗ ಕಟ್ಟಿದ್ದು, ಒಂದೇ ಥರದ ಆರು ಮನೆಗಳ ಸಾಲಲ್ಲಿ ನಮ್ಮದು ನಾಲ್ಕನೇದು. ಅಗಲ ನಾಲ್ಕೂವರೆ ಮೀಟರ್ ಅಷ್ಟೇ, ಉದ್ದ ಮಾತ್ರ ರೈಲು ಬೋಗಿ ಥರ. ಮುಂದೆ ಎರಡು ರೂಮು, ಪಕ್ಕದಲ್ಲಿ ಓಣಿ ಥರ ಹಜಾರ, ಕಡಿದಾದ ಮೆಟ್ಟಿಲು, ಮೇಲೆ ಎರಡು ರೂಮು, ರಸ್ತೆ ಕಡೆ ಎರಕದ ಕಬ್ಬಿಣದ ಕಸೂತಿ ಇರೋ ಬಾಲ್ಕನಿ. ಆ ಕಸೂತಿನ ಇಲ್ಲಿ ಐರನ್ ಲೇಸ್ ಅಂತಾರೆ. ನಾವು ತಗೊಂಡಾಗ ಅದರ ಅರ್ಧ ಕಾಣ್ತಾನೇ ಇರ್ಲಿಲ್ಲ, ಯಾಕಂದ್ರೆ ಇಂಥ ಮನೆಗಳು ಮಧ್ಯೆ ಸುಮಾರು ವರ್ಷ ಬೋರ್ಡಿಂಗ್ ಹೌಸ್ ಆಗಿದ್ವು, ರೂಮಿಗೊಂದು ಸಂಸಾರ, ಬಾಲ್ಕನಿಗೂ ಶೀಟ್ ಹೊಡೆದು ಅದನ್ನೂ ಒಂದು ರೂಮು ಮಾಡ್ಕೊಂಡಿದ್ರು. ಮನೆ ಹಿಂದೆ ಒಂದು ಸಣ್ಣ ಗಲ್ಲಿ ಇದೆ, ಒಂದು ಕಾಲದಲ್ಲಿ ಮಲ ಹೊತ್ಕೊಂಡು ಹೋಗೋ ಗಾಡಿ ಬರ್ತಿದ್ದ ಗಲ್ಲಿ. ಮಲ್ಲೇಶ್ವರ, ಬಸವನಗುಡಿಯಲ್ಲಿ ಮನೆಗಳ ಹಿಂದೆ ಕನ್ಸರ್ವೆನ್ಸಿ ಲೇನ್ ಅಂತ ಇದ್ದಿದ್ದು ಇದೇ ಕಾರಣಕ್ಕೇ, ಅವೂ ಇದೇ ಹತ್ತೊಂಬತ್ತನೇ ಶತಮಾನದ ಕೊನೇ ಹೊತ್ತಿನ ಬಡಾವಣೆಗಳು.

ನಮಗೆ ಬೇಕಾಗಿದ್ದು ದೊಡ್ಡದೇನಲ್ಲ. ಬೆಳಕು ಬರೋ ಅಡುಗೆಮನೆ, ಮಂಡಿನೋವಿರೋ ಅಮ್ಮ ಬಂದು ಆರಾರು ತಿಂಗಳು ಇರೋಕೆ ಕೆಳಗೇ ಒಂದು ರೂಮು, ಮೆಟ್ಟಿಲಿಲ್ಲದ ಬಚ್ಚಲು. ಇದ್ದಿದ್ದೋ, ಹಿಂದೆ ಕಲ್ನಾರು ಶೀಟಿನ ಒಂದು ತಗ್ಗು ಶೆಡ್ಡು, ಅದೇ ಅಡುಗೆಮನೆ, ಅದರ ಬೆನ್ನಿಗೇ ಬಚ್ಚಲು. ಮಧ್ಯದ ರೂಮಲ್ಲಿ ಮಟಮಟ ಮಧ್ಯಾಹ್ನ ಲೈಟ್ ಹಾಕ್ಬೇಕಿತ್ತು.

ಈ ಬೀದಿ ಪೂರ್ತಿ ಹೆರಿಟೇಜ್ ಕನ್ಸರ್ವೇಶನ್ ಏರಿಯಾ. ಅಂದ್ರೆ ನಮ್ಮ ಮನೆ ಒಂದೇ ದೊಡ್ಡ ಸ್ಮಾರಕ ಅಂತಲ್ಲ, ಸಾಲಿಗೆ ಸಾಲೇ ಒಂದು ಅಂತ ಲೆಕ್ಕ. ರಸ್ತೆಯಿಂದ ಕಾಣೋದನ್ನ ಮುಟ್ಟಬಾರದು, ಮುಂದಿನ ನಾಲ್ಕು ರೂಮು, ಮೆಟ್ಟಿಲು, ಬೆಂಕಿಗೂಡು, ಚಿಮಣಿ ಉಳಿಸ್ಬೇಕು, ಸೇರಿಸೋದೇನಿದ್ರೂ ಹಿಂದೆ, ಅದೂ ಹಳೇ ಮಾಡಿನ ನೆತ್ತಿಗಿಂತ ಕೆಳಗೆ. ಕೌನ್ಸಿಲ್‌ಗೆ, ಅಂದ್ರೆ ಇಲ್ಲಿನ ನಗರಸಭೆಗೆ, ಅರ್ಜಿ ಹಾಕೋಕೆ ಮುಂಚೆ ಅವ್ರ ಹೆರಿಟೇಜ್ ಸಲಹೆಗಾರರ ಜೊತೆ ಒಂದು ಮೀಟಿಂಗ್ ಮಾಡಿ, ಇದೊಂದನ್ನ ಯಾರೂ ಬಿಡ್ಬೇಡಿ, ಕೊಟ್ಟ ಫೀಸಿಗೆ ಮೋಸ ಇಲ್ಲ. ನಾವು ಮುಂದಿನ ಮಾಡಿಗೆ ಒಂದು ಸ್ಕೈಲೈಟ್ ಹಾಕ್ಬೇಕು ಅಂತಿದ್ವಿ, ಅವ್ರು ಅಲ್ಲೇ ಆಗಲ್ಲ ಅಂದ್ರು, ನಕ್ಷೆ ಮಾಡಿಸಿ ದುಡ್ಡು ಕಳ್ಕೊಳೋದು ತಪ್ತು. ಆಮೇಲೆ ಅರ್ಜಿಗೆ ಹೆರಿಟೇಜ್ ಪರಿಣಾಮದ ವರದಿ, ನೀರು ಮತ್ತೆ ಕರೆಂಟ್ ಉಳಿತಾಯದ ಬೇಸಿಕ್ಸ್ ಸರ್ಟಿಫಿಕೇಟ್, ಮತ್ತೆ ನೆರಳಿನ ನಕ್ಷೆ. ಈ ನೆರಳಿನ ನಕ್ಷೆ ನನಗೆ ಬಹಳ ಹಿಡಿಸಿದ ವಿಷಯ. ಇಲ್ಲಿ ಸೂರ್ಯ ಉತ್ತರದ ಕಡೆಯಿಂದ ಬರ್ತಾನೆ, ಜೂನ್ 21 ಚಳಿಗಾಲದ ಅತೀ ಚಿಕ್ಕ ಹಗಲು, ಆ ದಿನ ಬೆಳಗ್ಗೆ 9, ಮಧ್ಯಾಹ್ನ 12, 3 ಗಂಟೆಗೆ ನೀವು ಕಟ್ಟೋ ಗೋಡೆ ಪಕ್ಕದವರ ಅಂಗಳದಲ್ಲಿ ಎಷ್ಟು ಬಿಸಿಲು ತಿನ್ನುತ್ತೆ ಅಂತ ಬರೆದು ತೋರಿಸ್ಬೇಕು.

ನಮ್ಮ ಪಕ್ಕದಲ್ಲಿರೋದು ಒಬ್ಬ ಗ್ರೀಕ್ ಅಜ್ಜಿ. ಮದುವೆಯಾಗಿ ಹಡಗಲ್ಲಿ ಬಂದವ್ರು, ಅವತ್ತಿಂದ ಅದೇ ಮನೆ, ಈಗ ಎಂಬತ್ತು ದಾಟಿದೆ. ಅವ್ರ ಹಿತ್ತಲಲ್ಲಿ ಒಂದು ನಿಂಬೆ ಗಿಡ, ಟೊಮೆಟೊ ಸಾಲು, ಪೈಪಿನ ಮೇಲೆ ದ್ರಾಕ್ಷಿ ಬಳ್ಳಿ. ಕೌನ್ಸಿಲ್‌ನಿಂದ ನೋಟಿಸ್ ಹೋಗೋಕೆ ಮುಂಚೆನೇ ನಕ್ಷೆ ಹಿಡ್ಕೊಂಡು ನಾನೇ ಹೋದೆ. ಅವ್ರು ಕನ್ನಡಕ ಹಾಕ್ಕೊಂಡು ಬಹಳ ಹೊತ್ತು ನೋಡಿ, ಬೆರಳಿಟ್ಟು ಕೇಳಿದ್ದು ಒಂದೇ, ನನ್ನ ನಿಂಬೆ ಗಿಡ ಇದ್ರಲ್ಲಿ ಎಲ್ಲಿದೆ? ನೋಡಿದ್ರೆ ಮಧ್ಯಾಹ್ನದ ನೆರಳು ಸರಿಯಾಗಿ ಅದರ ಮೇಲೇ ಬೀಳ್ತಿತ್ತು. ಆರ್ಕಿಟೆಕ್ಟ್‌ಗೆ ಹೇಳಿ ಆ ಕಡೆ ಗೋಡೆ ಒಂದಡಿ ಇಳಿಸಿದ್ವಿ, ಸೂರಿನ ಇಳಿಜಾರು ಬದಲಾಯಿಸಿದ್ವಿ, ಅದ್ರಿಂದ ನಮ್ಮ ಮನೆಗೆ ಏನೂ ಕಮ್ಮಿ ಆಗ್ಲಿಲ್ಲ.

ಬೆಳಕಿಗೆ ನಮಗೆ ಸಿಕ್ಕಿದ ಉಪಾಯ ತೊಟ್ಟಿ. ಹಳೇ ಮನೆಗೆ ಹೊಸ ಅಡುಗೆಮನೆನ ನೇರ ಅಂಟಿಸಿದ್ರೆ ಮಧ್ಯದ ರೂಮು ಇನ್ನೂ ಕತ್ತಲೆ ಆಗುತ್ತೆ, ಅದಕ್ಕೇ ಎರಡರ ನಡುವೆ ಎರಡೂವರೆ ಮೀಟರ್ ತೆರೆದ ಜಾಗ ಬಿಟ್ಟು ಒಂದು ಪಕ್ಕಕ್ಕೆ ಗಾಜಿನ ಓಣಿ ಮಾಡಿ ಜೋಡಿಸೋದು ಅಂತ ಆರ್ಕಿಟೆಕ್ಟ್ ಬರೆದು ತೋರಿಸಿದಾಗ ನಾನು "ಇದು ನಮ್ಮ ತೊಟ್ಟಿ!" ಅಂತ ಕೂಗಿಬಿಟ್ಟೆ. ಅವ್ರಿಗೆ ಅಜ್ಜಿ ಮನೆ ಫೋಟೋ ತೋರಿಸ್ದೆ, ನಾಲ್ಕು ಕಡೆ ಕಂಬ, ಮಧ್ಯೆ ಮಳೆ ನೀರು ಬೀಳೋ ತೊಟ್ಟಿ. ಆ ಮನೆ ಈಗ ಇಲ್ಲ, ಪಾಲಾಗುವಾಗ ಕೆಡವಿ ಮೂರು ಸಿಮೆಂಟ್ ಮನೆ ಕಟ್ಟಿದ್ರು, ಆ ಕೆಲಸ ನಡೀವಾಗ ನಾನು ಇಂಜಿನಿಯರಿಂಗ್ ಎರಡನೇ ವರ್ಷ, ಹಾಸ್ಟೆಲ್‌ನಲ್ಲಿದ್ದೆ, ಒಂದ್ಸಲಾನೂ ಹೋಗಿ ನೋಡ್ಲಿಲ್ಲ. ಅದು ನನಗೆ ಈಗ್ಲೂ ನೋಯುತ್ತೆ.

2021ರ ಕೊನೆಗೆ ಪರ್ಮಿಶನ್ ಬಂತು, 2022ರ ಫೆಬ್ರವರಿಗೆ ಕೆಲಸ ಶುರು. ಆ ವರ್ಷ ಇಲ್ಲಿ ಇದ್ದವ್ರಿಗೆ ನೆನಪಿರುತ್ತೆ, ಸಿಡ್ನಿಯಲ್ಲಿ ದಾಖಲೆ ಇಟ್ಟಾಗಿನಿಂದ ಅತೀ ಹೆಚ್ಚು ಮಳೆ ಬಂದ ವರ್ಷ ಅದು, 1950ರ ದಾಖಲೆ ಅಕ್ಟೋಬರ್‌ನಲ್ಲೇ ಮುರಿದುಹೋಯ್ತು. ಹಿಂದಿನ ಮಾಡು ತೆಗೆದು ಟಾರ್ಪಾಲಿನ್ ಕಟ್ಟಿದ ವಾರವೇ ಹಿಡಿದ ಮಳೆ ಬಿಡ್ಲೇ ಇಲ್ಲ. ರಾತ್ರಿ ಎರಡು ಗಂಟೆಗೆ ನಾನೂ ಇವರೂ ಬಾಡಿಗೆ ಮನೆಯಿಂದ ಕಾರಲ್ಲಿ ಬಂದು ಟಾರ್ಪಾಲಿನ್‌ನಲ್ಲಿ ನಿಂತ ನೀರನ್ನ ಕೋಲಲ್ಲಿ ಎತ್ತಿ ಎತ್ತಿ ಚೆಲ್ಲಿದ್ದೀವಿ.

ಒಡೆಯೋ ಕೆಲಸದಲ್ಲಿ ಮೊದಲು ಕಲ್ನಾರು. ಆಸ್ಟ್ರೇಲಿಯಾದಲ್ಲಿ ಕಲ್ನಾರು ಪೂರ್ತಿ ನಿಷೇಧ ಆಗಿದ್ದೇ 2003ರ ಕೊನೆಗೆ, ಹಾಗಾಗಿ ಹಳೇ ಮನೆಗಳ ಹಿಂದಿನ ಶೆಡ್ಡು, ಬಚ್ಚಲು, ಬಾಲ್ಕನಿ ಮುಚ್ಚಿದ ಶೀಟು ಎಲ್ಲಾನೂ ಅದೇ ಅಂತ ಅಂದ್ಕೊಂಡೇ ಹೊರಡ್ಬೇಕು. ಹತ್ತು ಚದರ ಮೀಟರ್‌ಗಿಂತ ಜಾಸ್ತಿ ಇದ್ರೆ ಲೈಸೆನ್ಸ್ ಇರೋರೇ ತೆಗೀಬೇಕು. ಅದಾದ ಮೇಲೆ ಸೀಲಿಂಗ್ ಮೇಲಿನ ಧೂಳು, ನನಗೆ ಇದು ಗೊತ್ತೇ ಇರ್ಲಿಲ್ಲ, ನೂರಮೂವತ್ತು ವರ್ಷದ ಕಲ್ಲಿದ್ದಲ ಮಸಿ, ಸೀಸದ ಪೆಟ್ರೋಲ್ ಕಾಲದ ಹೊಗೆ ಎಲ್ಲಾ ಅಲ್ಲಿ ಕೂತಿರುತ್ತೆ, ಅದ್ರಲ್ಲಿ ಸೀಸ ಇರುತ್ತೆ, ಸೀಲಿಂಗ್ ಒಡೆಯೋ ಮುಂಚೆ ಅದಕ್ಕೇ ಅಂತ ಇರೋ ವ್ಯಾಕ್ಯೂಮಲ್ಲಿ ಎಳೆಸ್ಬೇಕು. ಚಿಕ್ಕ ಮಕ್ಕಳಿರೋರು ದಯವಿಟ್ಟು ಇದನ್ನ ಮರೀಬೇಡಿ, ಹಳೇ ಪೇಂಟ್‌ನೂ ಒಣಗಿರೋವಾಗ ಉಜ್ಜಬೇಡಿ. ಮೇಲೆ ಹತ್ತಿ ನೋಡಿದಾಗ ಇನ್ನೊಂದು, ನಮಗೂ ಪಕ್ಕದ ಗ್ರೀಕ್ ಅಜ್ಜಿಗೂ ನಡುವಿನ ಗೋಡೆ ಮಾಡಿನ ತನಕ ಹೋಗೇ ಇರ್ಲಿಲ್ಲ, ಮೇಲೆ ಮೂರಡಿ ಖಾಲಿ, ಟಾರ್ಚ್ ಹಾಕಿದ್ರೆ ಅವ್ರ ಸೀಲಿಂಗ್ ಕಾಣ್ಸೋದು. ಒಂದು ಮನೆಗೆ ಬೆಂಕಿ ಬಿದ್ರೆ ಇನ್ನೊಂದಕ್ಕೆ ದಾರಿ ಬಿಟ್ಟಂಗೆ. ಅದನ್ನ ಇಟ್ಟಿಗೆಯಲ್ಲಿ ಮೇಲಿನ ತನಕ ಏರಿಸಿದ್ದು ಬಜೆಟ್‌ನಲ್ಲಿ ಇಲ್ಲದ ಮೊದಲ ಖರ್ಚು.

ಮುಂದಿನ ರೂಮಿನ ಹಲಗೆ ಎತ್ತಿದಾಗ ಜಂತೆ ಕೆಳಗಿನ ಮಣ್ಣಲ್ಲಿ ಒಂದು ಗೋಲಿ ಸೋಡಾ ಬಾಟಲಿ ಸಿಕ್ತು! ಕುತ್ತಿಗೆಯಲ್ಲಿ ಗೋಲಿ ಹಂಗೇ ಇದೆ. 1870ರ ದಶಕದಲ್ಲಿ ಇಂಗ್ಲೆಂಡಲ್ಲಿ ಕಾಡ್ ಅನ್ನೋರು ಕಂಡುಹಿಡಿದ ಬಾಟಲಿ ಅದು, ಅಲ್ಲಿಂದ ಇಲ್ಲಿಗೂ ಬಂದಿತ್ತು, ನಮ್ಮೂರಿಗೂ ಬಂದಿತ್ತು. ಕೆಲಸದವ್ರಿಗೆ ಅದು ಮ್ಯೂಸಿಯಂ ವಸ್ತು. ದೇವರಾಜ ಮಾರ್ಕೆಟ್ ಹತ್ರ ಅಪ್ಪ ಕೊಡಿಸ್ತಿದ್ದಿದ್ದು ನೆನಪಾಗಿ ನನಗೆ ಕಣ್ಣಲ್ಲಿ ನೀರು ಬಂತು. ಈಗ ಅಡುಗೆಮನೆ ಕಿಟಕಿ ಮೇಲೆ ಇದೆ.

ಈಗ ಗೋಡೆ ವಿಷಯ. ಇದನ್ನೇ ಹೇಳ್ಬೇಕು ಅಂತ ಇಷ್ಟುದ್ದ ಬರೀತಿರೋದು.

ತಗೊಂಡಾಗ ಮನೆಯಲ್ಲಿ ಹೊಸ ಬಣ್ಣದ ವಾಸನೆ ಇತ್ತು. ಮೂರು ತಿಂಗಳಿಗೆ ಅಜ್ಜಿ ಕಡೆ ಗೋಡೆ ನೆಲದಿಂದ ಸೊಂಟದ ಮಟ್ಟದ ತನಕ ಉಬ್ಬಿ ಚಕ್ಕೆ ಏಳೋಕೆ ಶುರು, ಚಕ್ಕೆ ಹಿಂದೆ ಬಿಳೀ ಉಪ್ಪು, ಹತ್ತಿ ಥರ. ಕೋಟು ಬೀರುವಲ್ಲಿಟ್ರೆ ಬೂಷ್ಟು. ಮೊದಲು ಬಂದ ಕಂಪನಿಯವ್ರು ಹತ್ತು ನಿಮಿಷ ಮೀಟರ್ ಒತ್ತಿ ನೋಡಿ, ಗೋಡೆ ಬುಡದಲ್ಲಿ ಸಾಲಾಗಿ ತೂತು ಕೊರೆದು ಕೆಮಿಕಲ್ ತುಂಬ್ತೀವಿ, ಮೇಲೆ ವಾಟರ್‌ಪ್ರೂಫ್ ಸಿಮೆಂಟ್ ಗಿಲಾವು ಮಾಡ್ತೀವಿ, ಎರಡು ವಾರದಲ್ಲಿ ಮುಗೀತು ಅಂದ್ರು. ನಾವು ಹೂಂ ಅನ್ನೋದ್ರಲ್ಲಿದ್ವಿ. ಆರ್ಕಿಟೆಕ್ಟ್ ತಡೆದು, ಹಳೇ ಕಟ್ಟಡಗಳ ಕೆಲಸ ಮಾತ್ರ ಮಾಡೋ ಒಬ್ರನ್ನ ಕರ್ಕೊಂಡು ಬಂದ್ರು. ಅವ್ರು ಒಳಗೆ ಬರ್ಲೇ ಇಲ್ಲ, ಅರ್ಧ ಗಂಟೆ ಹೊರಗೇ ಸುತ್ತಿದ್ರು. ಗೋಡೆ ಬುಡದಲ್ಲಿ ನೆಲದಡಿ ಗಾಳಿ ಆಡೋಕೆ ಅಂತ ಟೆರಾಕೋಟಾ ಜಾಲರಿ ಇಟ್ಟಿರ್ತಾರೆ, ನಮ್ಮ ಮನೆಯಲ್ಲಿ ಐದರಲ್ಲಿ ನಾಲ್ಕು ಕಾಂಕ್ರೀಟ್ ಕೆಳಗೆ ಹೂತುಹೋಗಿದ್ವು, ಯಾರೋ ಯಾವಾಗ್ಲೋ ಅಂಗಳ ಎತ್ತರ ಮಾಡಿದ್ರು. ಮಾಡಿನ ನೀರಿನ ಪೈಪು ಕೆಳಗೆ ಒಡೆದು ಅಷ್ಟೂ ನೀರು ಗೋಡೆ ಬುಡಕ್ಕೇ ಹೋಗ್ತಿತ್ತು. ಒಳಗೆ ಹಿಂದಿನವ್ರು ಆಗ್ಲೇ ಒಂದು ಸಲ ಸಿಮೆಂಟ್ ಗಿಲಾವು ಮಾಡಿಸಿದ್ರು, ಅದರ ಮೇಲೆ ಪ್ಲಾಸ್ಟಿಕ್ ಪೇಂಟು.

ಅವ್ರು ಹೇಳಿದ್ದು ಇಷ್ಟು. ಈ ಇಟ್ಟಿಗೆ ಮೆತ್ತಗಿನದು, ಸುಣ್ಣ ಮರಳಿನ ಗಾರೆಯಲ್ಲಿ ಕಟ್ಟಿರೋದು, ನೀರು ಕುಡಿಯುತ್ತೆ, ಗಾಳಿಗೆ ಬಿಡುತ್ತೆ, ಉಸಿರಾಡ್ದಂಗೆ. ನೀವು ಒಳಗೂ ಹೊರಗೂ ಸಿಮೆಂಟ್ ಹೊದಿಸಿದ್ರೆ ನೀರು ಹೋಗೋಕೆ ದಾರಿ ಇಲ್ಲದೆ ಮೇಲೆ ಮೇಲೆ ಏರುತ್ತೆ, ಜೊತೆಗೆ ಮಣ್ಣಿನ ಉಪ್ಪನ್ನೂ ತಗೊಂಡು ಹೋಗುತ್ತೆ, ಉಪ್ಪು ಹರಳುಗಟ್ಟುವಾಗ ಇಟ್ಟಿಗೆನೇ ಪುಡಿ ಮಾಡುತ್ತೆ. ಸಿಮೆಂಟ್ ಇಟ್ಟಿಗೆಗಿಂತ ಗಟ್ಟಿ, ಹಾಗಾಗಿ ಮನೆ ಸ್ವಲ್ಪ ಅಲುಗಾಡಿದ್ರೆ ಸಂದಿನ ಗಾರೆ ಬಿರುಕು ಬಿಡೋ ಬದಲು ಇಟ್ಟಿಗೆ ಬಿರುಕು ಬಿಡುತ್ತೆ. ಅಂದ್ರೆ ಮನೆಗೆ ರೋಗ ತಂದಿದ್ದು ಹಳೇತನ ಅಲ್ಲ, ಒಳ್ಳೇದಾಗ್ಲಿ ಅಂತ ಮಾಡಿದ ರಿಪೇರಿ.

ಫೋನಲ್ಲಿ ಅಪ್ಪನಿಗೆ ಹೇಳ್ದೆ. ಅವ್ರು ಸ್ವಲ್ಪ ಹೊತ್ತು ಸುಮ್ಮನಿದ್ದು "ಅಲ್ಲಮ್ಮಾ, ನಮ್ಮನೇಲೂ ಹಂಗೇ ಆಗಿದ್ದು" ಅಂದ್ರು. ಅಜ್ಜಿ ಮನೆ ಗೋಡೆ ಗಾರೆಯದ್ದು, ನಡುಮನೆ ಗೋಡೆ ಒಂದ್ಸಲ ಚಕ್ಕೆ ಎದ್ದಾಗ ಸಿಮೆಂಟ್ ಹಾಕ್ಸಿದ್ರಂತೆ, ಎರಡೇ ವರ್ಷಕ್ಕೆ ಎದೆ ಮಟ್ಟ ಶೀತ ಏರಿ, ಆಮೇಲೆ ಎಲ್ರೂ ಈ ಮನೆ ಆಯಸ್ಸು ಮುಗೀತು ಅಂದ್ಬಿಟ್ರು. ಎತ್ತು ಕಟ್ಟಿ ಕಲ್ಲಿನ ಚಕ್ರ ತಿರುಗಿಸಿ ಗಾರೆ ಅರೀತಿದ್ದಿದ್ದು, ಬೆಲ್ಲದ ನೀರು ಅಳಲೆಕಾಯಿ ನೀರು ಹಾಕ್ತಿದ್ದಿದ್ದು ಅಪ್ಪ ಕಣ್ಣಾರೆ ನೋಡಿದ್ದಾರೆ. ಅಷ್ಟೆಲ್ಲ ಗೊತ್ತಿದ್ದ ಊರಲ್ಲೇ ಸಿಮೆಂಟ್ ಹಾಕಿದ್ವಲ್ಲ ಅಂತ ಅವ್ರು ಹೇಳಿದ ದನಿ ನನ್ನ ಕಿವಿಯಲ್ಲಿ ಹಂಗೇ ಇದೆ.

ಹಾಗಾಗಿ ಸಿಮೆಂಟ್ ಎಲ್ಲ ಕೆತ್ತಿಸಿದ್ವಿ, ಜಾಲರಿಗಳ ಮುಂದಿನ ಕಾಂಕ್ರೀಟ್ ಕಿತ್ತು ಮಣ್ಣು ತಗ್ಗಿಸಿದ್ವಿ, ಪೈಪು ಹೊಸದು ಮಾಡಿದ್ವಿ, ನಿಜವಾಗಿ ಬೇಕಿದ್ದ ಒಂದು ಮೂಲೆಯಲ್ಲಿ ಮಾತ್ರ ತೂತು ಕೊರೆದು ಶೀತ ಏರದಂಗೆ ತಡೆಯೋ ಕ್ರೀಮ್ ತುಂಬಿಸಿದ್ವಿ. ಆಮೇಲೆ ಕಾಯೋದು. ಒಂದಿಂಚು ಗೋಡೆ ಒಣಗೋಕೆ ಒಂದು ತಿಂಗಳು ಅಂತ ಒಂದು ಅಂದಾಜು ಲೆಕ್ಕ ಹೇಳ್ತಾರೆ, ನಮ್ಮದು ಒಂಬತ್ತಿಂಚು. ಅದೂ ಆ ಮಳೆಯ ವರ್ಷದಲ್ಲಿ! ಬಿಲ್ಡರ್‌ಗೆ ಕೋಪ, ಜಿಪ್ಸಮ್ ಬೋರ್ಡ್ ಹೊಡೆದು ಮುಚ್ಚಿಬಿಡೋಣ, ಯಾರಿಗೂ ಕಾಣಲ್ಲ ಅಂತ ಎರಡು ಸಲ ಹೇಳಿದ್ರು. ಅವ್ರ ಕಷ್ಟಾನೂ ಗೊತ್ತು, ಆ ವರ್ಷ ಮರದ ರೇಟು ಏರಿ, ಹಳೇ ರೇಟಿಗೆ ಒಪ್ಕೊಂಡ ಕೆಲಸಗಳಲ್ಲಿ ಎಷ್ಟೋ ಬಿಲ್ಡರ್‌ಗಳು ಮುಳುಗಿದ್ರು. ಹಿಂದಿನ ಹೊಸ ಭಾಗ ಮೊದಲು ಮುಗಿಸಿ, ಗೋಡೆ ಕೊನೆಗೆ ಅಂತ ಒಪ್ಪಂದ ಆಯ್ತು. ಬರಿ ಇಟ್ಟಿಗೆ ಗೋಡೆ ಒಂದು ವರ್ಷ ಹಂಗೇ ನಿಂತಿತ್ತು, ನಾನು ವಾರಕ್ಕೊಂದ್ಸಲ ಹೋಗಿ ಕೈ ಇಟ್ಟು ನೋಡೋದು, ಉಪ್ಪು ಹೊರಗೆ ಬಂದಂಗೆ ಒಣ ಬ್ರಷ್‌ನಲ್ಲಿ ಗುಡಿಸೋದು, ನೀರು ಹಾಕಿ ತೊಳೀಬಾರದು, ತೊಳೆದ್ರೆ ಉಪ್ಪು ವಾಪಸ್ ಒಳಗೆ ಹೋಗುತ್ತೆ.

ಇದ್ರ ನಡುವೆ ಇನ್ನೊಂದು. ಕೆಲಸ ಶುರು ಮಾಡೋಕೆ ಮುಂಚೆ ಅಕ್ಕಪಕ್ಕದ ಮನೆಗಳ ಈಗಿನ ಸ್ಥಿತಿನ ಫೋಟೋ ಸಮೇತ ದಾಖಲೆ ಮಾಡಿಸ್ಬೇಕು, ಡೈಲಾಪಿಡೇಶನ್ ರಿಪೋರ್ಟ್ ಅಂತಾರೆ, ನಾಳೆ ಬಿರುಕು ಬಂದ್ರೆ ಯಾವುದು ಹಳೇದು ಯಾವುದು ಹೊಸದು ಅಂತ ಜಗಳ ಆಗ್ಬಾರದು ಅಂತ. ಆಗ ಪಕ್ಕದ ಅಜ್ಜಿ ಮನೆ ಹಜಾರಕ್ಕೆ ಹೋಗಿದ್ದೆ. ನಮ್ಮ ಕಡೆ ಗೋಡೆಯಲ್ಲಿ ಖಾಲಿ ಮೊಳೆ ಒಂದು, ಸುತ್ತ ಕಂದು ಕಲೆ. ಅಲ್ಲಿ ಅವ್ರ ಮದುವೆ ಫೋಟೋ ಇತ್ತಂತೆ, ಗೋಡೆ ಒದ್ದೆಯಾಗಿ ಫೋಟೋ ಅಂಚಿಗೆ ಬೂಷ್ಟು ಬಂತು ಅಂತ ತೆಗೆದು ಮಂಚದ ಕೆಳಗಿಟ್ಟಿದ್ದಾರೆ. ಆ ಪೈಪು, ಆ ಮುಚ್ಚಿದ ಜಾಲರಿ ನಮ್ಮ ಅಂಗಳದ್ದು. ತಪ್ಪು ಮಾಡಿದ್ದು ನಾವಲ್ಲ ಅಂದ್ರೂ ಆ ಗೋಡೆಯ ಅರ್ಧ ನಮ್ಮ ಹೆಸರಲ್ಲಿದೆ. ಅವತ್ತಿಂದ ಬಿಲ್ಡರ್ ಏನೇ ಹೇಳಿದ್ರೂ ಆ ಗೋಡೆ ಮುಚ್ಚೋಕೆ ನನಗೆ ಮನಸ್ಸೇ ಬರ್ಲಿಲ್ಲ.

2023ರ ಜನವರಿಗೆ ಅಮ್ಮ ಬಂದ್ರು, ಮಾರ್ಚ್‌ನಲ್ಲಿ ಗಾರೆ ಕೆಲಸ. ಗಾರೆಯವ್ರು ಇಂಗ್ಲೆಂಡಲ್ಲಿ ಈ ಕೆಲಸ ಕಲಿತು ಬಂದವ್ರು. ಸುಣ್ಣ, ಒರಟು ಮರಳು, ಮೂರು ಪದರ, ಒಂದೊಂದು ಪದರದ ನಡುವೆ ದಿನಗಟ್ಟಲೆ ಬಿಟ್ಟು. ಸುಣ್ಣ ಸಿಮೆಂಟ್ ಥರ ಬೇಗ ಸೆಟ್ ಆಗಲ್ಲ, ಗಾಳಿಯಲ್ಲಿರೋ ಇಂಗಾಲದ ಡೈಆಕ್ಸೈಡ್ ಹೀರ್ಕೊಂಡು ನಿಧಾನಕ್ಕೆ ಮತ್ತೆ ಕಲ್ಲಾಗುತ್ತೆ, ಅದಕ್ಕೇ ಬೇಗ ಒಣಗದಂಗೆ ಆಗಾಗ ನೀರು ಚಿಮುಕಿಸ್ತಾ ಇರ್ಬೇಕು. ಆ ಕೆಲಸ ಅಮ್ಮ ವಹಿಸ್ಕೊಂಡ್ರು, ಗಿಡಕ್ಕೆ ನೀರು ಹೊಡೆಯೋ ಬಾಟಲಿ ಹಿಡ್ಕೊಂಡು ಬೆಳಗ್ಗೆ ಸಂಜೆ. ಮೊದಲ ದಿನ ಒಳಗೆ ಬಂದು ಉಸಿರೆಳೆದು "ಸುಣ್ಣ ಹೊಡೆದ ವಾಸನೆ ಕಣೇ, ನಮ್ಮತ್ತೆ ಮನೇದು" ಅಂತ ಅಲ್ಲೇ ಕೂತ್ಬಿಟ್ರು. ಆಮೇಲೆ ಗಾರೆಯವ್ರಿಗೆ ಬೆಲ್ಲ ಹಾಕಲ್ವಾ ಅಂತ ಕೇಳು ಅಂತ ನನಗೆ ಹೇಳಿದ್ರು, ಕೇಳ್ದೆ, ಅವ್ರು ಕರಣೆ ಕೆಳಗಿಟ್ಟು ಅರ್ಧ ಗಂಟೆ ಅಮ್ಮನ ಹತ್ರ ಬೆಲ್ಲ ಎಷ್ಟು, ಅಳಲೆಕಾಯಿ ಅಂದ್ರೆ ಏನು ಅಂತ ವಿಚಾರಿಸಿ ಡೈರಿಯಲ್ಲಿ ಬರ್ಕೊಂಡ್ರು. ಮೇಲೆ ಪ್ಲಾಸ್ಟಿಕ್ ಪೇಂಟ್ ಹಾಕ್ಲಿಲ್ಲ, ಸುಣ್ಣವೇ, ಸ್ವಲ್ಪ ಹಳದಿ ಮಣ್ಣಿನ ಬಣ್ಣ ಬೆರೆಸಿ.

ಬೇರೆ ವಿಷಯ ಬೇಗ ಹೇಳ್ತೀನಿ. ಹೊಸ ಅಡುಗೆಮನೆಗೆ ಒಗ್ಗರಣೆ ಹೊಗೆ ನೇರ ಹೊರಗೆ ಹೋಗೋ ದೊಡ್ಡ ಚಿಮಣಿ ಹಾಕ್ಸಿ, ಫಿಲ್ಟರ್ ಸುತ್ತಿ ಮತ್ತೆ ಒಳಗೇ ಬಿಡೋದು ನಮ್ಮ ಅಡುಗೆಗೆ ಸಾಲಲ್ಲ. ಮುಂದಿನ ಹಳೇ ಕಿಟಕಿಗಳ ಮರ ಗಟ್ಟಿ ಇತ್ತು, ಅದನ್ನ ತೆಗೆಯೋ ಹಂಗೂ ಇಲ್ಲ, ಸಂದಿಗೆ ಬ್ರಷ್ ಸೀಲ್ ಹಾಕಿ ಒಳಗಡೆ ಎರಡನೇ ಗಾಜು ಕೂರಿಸಿದ್ದಕ್ಕೇ ಚಳಿ ಎಷ್ಟೋ ಕಮ್ಮಿ ಆಯ್ತು. ದುಡ್ಡಿನ ವಿಷಯ, ಇಲ್ಲಿ 20,000 ಡಾಲರ್ ಮೀರಿದ ಕೆಲಸಕ್ಕೆ ಬಿಲ್ಡರ್ ಇನ್ಶೂರೆನ್ಸ್ ಮಾಡಿಸದೆ ಅಡ್ವಾನ್ಸ್ ತಗೊಳೋ ಹಂಗಿಲ್ಲ, ಅಡ್ವಾನ್ಸ್ ಶೇಕಡಾ 10 ದಾಟೋ ಹಂಗಿಲ್ಲ, ಇವೆರಡನ್ನ ಪೇಪರ್ ನೋಡಿ ಖಾತ್ರಿ ಮಾಡ್ಕೊಳ್ಳಿ. ನಾವು ಕೈಯಲ್ಲಿ ಹೆಚ್ಚುವರಿ ಅಂತ ಶೇಕಡಾ 10 ಇಟ್ಕೊಂಡಿದ್ವಿ, ಹಳೇ ಮನೆಗೆ ಶೇಕಡಾ 20 ಇಲ್ಲದೆ ಕೈ ಹಾಕ್ಬಾರದು.

ಅಮ್ಮ ಈಗ ಇರೋದು ಆ ಮಧ್ಯದ ರೂಮಲ್ಲಿ, ಬೆಳಗ್ಗೆ ತೊಟ್ಟಿ ಕಡೆಯಿಂದ ಬಿಸಿಲು ಮಂಚದ ತನಕ ಬರುತ್ತೆ. ಡಿಸೆಂಬರ್‌ನಲ್ಲಿ ಅದೇ ತೊಟ್ಟಿಯಲ್ಲಿ ಹಳೇ ಸೀರೆ ಹಾಸಿ ಹಪ್ಪಳ ಒಣಗಿಸಿದ್ರು. ಗೋಡೆಯಾಚೆ ಅಜ್ಜಿಗೆ ಒಂದು ಡಬ್ಬ ಕಳ್ಸಿದ್ರೆ ಡಬ್ಬ ತುಂಬ ನಿಂಬೆಹಣ್ಣು ವಾಪಸ್ ಬಂತು. ಹೋದ ಚಳಿಗಾಲದಲ್ಲಿ ಒಂದಿನ ಅವ್ರು ನನ್ನ ಕೈ ಹಿಡಿದು ಕರ್ಕೊಂಡು ಹೋಗಿ ಹಜಾರದ ಗೋಡೆ ಮುಟ್ಟಿ ನೋಡು ಅಂದ್ರು. ಒಣಗಿತ್ತು. ಫೋಟೋ ಅದೇ ಮೊಳೆಗೆ ವಾಪಸ್ ಬಂದಿತ್ತು, ಒಂದು ಅಂಚು ಸ್ವಲ್ಪ ಮಾಸಿದೆ, ಅವ್ರ ಯಜಮಾನ್ರ ಭುಜದ ಹತ್ರ.

ಬಾಲ್ಕನಿ ಮಾತ್ರ ಇನ್ನೂ ಆಗಿಲ್ಲ. ಶೀಟ್ ತೆಗೆಸಿದಾಗ ಕಬ್ಬಿಣದ ಕಸೂತಿಯಲ್ಲಿ ಎರಡು ತುಂಡು ಕಾಣೆಯಾಗಿರೋದು ಗೊತ್ತಾಯ್ತು. ಆರೂ ಮನೆಗೆ ಒಂದೇ ನಮೂನೆ, ಹಾಗಾಗಿ ಅಜ್ಜಿ ಮನೆ ಬಾಲ್ಕನಿಯ ತುಂಡಿನಿಂದ ಅಚ್ಚು ತೆಗೆದು ಎರಕ ಹೊಯ್ಸಬಹುದು ಅಂತ ಫೌಂಡ್ರಿಯವ್ರು ಹೇಳಿದ್ದಾರೆ. ಅಜ್ಜಿನ ಕೇಳ್ದೆ, ತಗೊಂಡು ಹೋಗು ಆದ್ರೆ ಈಸ್ಟರ್ ಒಳಗೆ ವಾಪಸ್ ಕೂರಿಸ್ಬೇಕು, ಮಕ್ಕಳು ಮೊಮ್ಮಕ್ಕಳು ಬರ್ತಾರೆ ಅಂದಿದ್ದಾರೆ.